ಹದಿನೇಳು ಪಾವಟಿಗೆ

ಫಕೀರಪ್ಪನ ನಕಾಶೆ ಕದ್ದು ನೋಡಿ ತೆಗೆದದ್ದು ಎಂದು ಹೇಳಿದವನು ನಾನು. ಹಾಗಲ್ಲ, ಅದು ಅವನದೇ ಎಂದು ಕಣ್ಣಾರೆ ಖಾತ್ರಿಯಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದವನೂ ನಾನೇ. ಮೊದಲನೆಯದನ್ನು ಬೇಕಾದರೆ ತಪ್ಪು ತಿಳಿವಳಿಕೆ ಎನ್ನಿ. ಎರಡನೆಯದಕ್ಕೆ ಒಳ್ಳೆಯ ಹೆಸರು ಯಾವುದೂ ಇಲ್ಲ — ಇಷ್ಟು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

ನಾನು ಮಾತಿನ ಮನೆಯಲ್ಲಿ ಬೆಳೆದವನು. ಅಜ್ಜ, ಅಜ್ಜನ ತಮ್ಮ, ಸೋದರತ್ತೆ — ಕಟ್ಟೆಯ ಮೇಲೆ ಕುಳಿತರೆಂದರೆ ಒಬ್ಬರ ಮಾತು ಮುಗಿಯುವುದರೊಳಗೆ ಇನ್ನೊಬ್ಬರದು ಶುರು. ನಾಲಿಗೆ ನನಗೆ ಅವರಿಂದ ಬಂದದ್ದು. ಊರಿನ ಯಾವ ಸಂಗತಿಯನ್ನಾದರೂ ನಾಲ್ಕು ಜನ ನಗುವ ಹಾಗೆ ಹೇಳಬಲ್ಲೆ ಎಂದು ನನಗೆ ಸ್ವಲ್ಪ ಜಂಬವೂ ಇತ್ತು. ಈ ಒಂದು ಸಂಗತಿಯನ್ನು ಮಾತ್ರ ಎಲ್ಲೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಎಪ್ಪತ್ತರ ದಶಕದ ನಡುಭಾಗ. ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವಾಗ ಎರೆ ಬಯಲಿನ ನಡುವೆ ನಮ್ಮೂರು. ಹೆಸರು ಬರೆಯುವುದಿಲ್ಲ. ತಪ್ಪು ಊರಿನದಲ್ಲ, ನನ್ನದು — ಊರಿನದೂ ಒಂದಿಷ್ಟು ಇತ್ತು ಎಂದು ಬರೆಯಲು ಕೈ ಹೋಗುತ್ತದೆ, ಬೇಡ. ಅಲ್ಲಿ ಹಿರಿಯರು ಸೇರಿ ನಡೆಸುತ್ತಿದ್ದ ಒಂದು ಸಣ್ಣ ತಾಂತ್ರಿಕ ಶಾಲೆ. ಹತ್ತನೆಯ ಇಯತ್ತೆ ಮುಗಿಸಿದವರಿಗೆ ನಕಾಶೆ ತೆಗೆಯುವುದನ್ನು ಕಲಿಸುವ ಎರಡು ವರ್ಷದ ತರಗತಿ, ಅದಕ್ಕೆ ನಾನು ಮಾಸ್ತರ.

ನಮ್ಮ ಭಾಗದ ಬಾವಿಗಳ ನೀರು ಸವಳು; ಬಾಯಿಗೆ ಹಾಕಿದರೆ ಉಗುಳಬೇಕು. ಕುಡಿಯಲಿಕ್ಕೆ ಕೆರೆಯ ನೀರೊಂದೇ ಗತಿ. ಅದಕ್ಕೇ ಕೆರೆಗೆ ದೇವರ ಮನೆಯಷ್ಟು ಮಡಿ. ಚಪ್ಪಲಿ ದೂರ ಬಿಡಬೇಕು, ನೀರಿಗೆ ಕಾಲು ಇಡಬಾರದು, ಕಲ್ಲಿನ ಮೆಟ್ಟಿಲು ಇಳಿದು ಕೊನೆಯ ಪಾವಟಿಗೆಯ ಮೇಲೆ ಬಗ್ಗಿ ಕೊಡ ತುಂಬಿಕೊಂಡು ಏರಿ ಬರಬೇಕು. ಆ ಪಾವಟಿಗೆ ಇದ್ದದ್ದು ಮೂಡಣ ದಂಡೆಗೆ, ಎರಡೂ ಬದಿ ಕಲ್ಲಿನ ಗೋಡೆಯ ನಡುವೆ. ಫಕೀರಪ್ಪನ ಓಣಿಯವರು ಅದನ್ನು ಇಳಿಯುವ ಹಾಗಿರಲಿಲ್ಲ. ಆ ಓಣಿಯ ಹೆಣ್ಣುಮಕ್ಕಳು ಬಡಗಣ ದಂಡೆಯ ತುದಿಯಲ್ಲಿ ಖಾಲಿ ಕೊಡ ಇಟ್ಟುಕೊಂಡು ಕೂರುವರು. ನೀರು ತುಂಬಿಕೊಂಡು ಬಂದವರಲ್ಲಿ ಯಾರಿಗಾದರೂ ಮನಸ್ಸು ಬಂದರೆ ಮೇಲಿನಿಂದ ಸುರಿಯುವರು. ಮನಸ್ಸು ಬರದಿದ್ದರೆ — ಬಿಸಿಲು ಏರುವ ತನಕ ಕೂರುವರು. ಹೀಗೆ ಮಾಡಬಾರದೆಂಬ ಕಾಯ್ದೆ ಬಂದು ಎಷ್ಟೋ ವರ್ಷಗಳಾಗಿದ್ದವು. ನಮ್ಮ ಕೆರೆಯ ತನಕ ಅದು ನಡೆದು ಬಂದಿರಲಿಲ್ಲ.

ಆ ಚಳಿಗಾಲ ಮುಂಬಯಿಯಿಂದ ಒಬ್ಬ ಸಾಹೇಬರು ಬಂದರು. ಮೂಲ ನಮ್ಮೂರವರೇ, ಸಣ್ಣಂದಿನಲ್ಲಿ ಹೋದವರು. ಅವರ ಉದ್ಯೋಗ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಎಂದು. ಆ ಮಾತನ್ನು ನಾನೂ ಅಂದೇ ಮೊದಲು ಕೇಳಿದ್ದು. ಮನೆಗೆ ನಕಾಶೆ ತೆಗೆಯುವವರನ್ನು ಕಂಡಿದ್ದೆವು. ಬಯಲಿಗೆ, ನೆರಳಿಗೆ, ಕಾಲುದಾರಿಗೆ, ಕೆರೆಯ ದಂಡೆಗೆ ನಕಾಶೆ ತೆಗೆಯುವವರೂ ಇರುತ್ತಾರೆಂದು ಯಾರಿಗೆ ಗೊತ್ತಿತ್ತು? ನಮ್ಮ ವರ್ಕ್‌ಶಾಪ್ ಮಾಸ್ತರ ಗುರುಸಿದ್ದಪ್ಪ ನನ್ನ ಕಿವಿಯಲ್ಲಿ ಅಂದ: “ಬಯಲಿಗೂ ನಕಾಶಿ ಬೇಕಂತ ನೋಡ್ರಿ. ಇನ್ನ ಗಾಳಿಗೊಂದು ಉಳೀತು.”

ಸಾಹೇಬರು ಹುಡುಗರ ಮುಂದೆ ನಿಂತು ಹೆಚ್ಚು ಮಾತಾಡಲಿಲ್ಲ. ಕೆರೆಯ ಸುತ್ತಲಿನ ಜಾಗವನ್ನು ಹೇಗೆ ಮಾಡಿದರೆ ಚೆಂದ ಎಂದು ಒಬ್ಬೊಬ್ಬರೂ ಒಂದೊಂದು ನಕಾಶೆ ತೆಗೆಯಬೇಕು, ತಿಂಗಳೊಪ್ಪತ್ತಿನಲ್ಲಿ ತಾವು ಮತ್ತೆ ಬಂದು ಎಲ್ಲಕ್ಕಿಂತ ಉತ್ತಮವಾದ ಒಂದನ್ನು ಆರಿಸುತ್ತೇವೆ, ಆ ಹುಡುಗನನ್ನು ಮುಂಬಯಿಗೆ ಕರೆದುಕೊಂಡು ಹೋಗಿ ಮನೆಯಲ್ಲೇ ಇಟ್ಟುಕೊಂಡು ಇದೇ ವಿದ್ಯೆಗೆ ಹಚ್ಚುತ್ತೇವೆ ಎಂದರು. ಆಮೇಲೆ ಬಾಗಿಲ ತನಕ ಹೋದವರು ತಿರುಗಿ ನಿಂತು ಅಂದದ್ದು ಮಾತ್ರ ನನಗೆ ನೆನಪಿದೆ: “ಗಿಡಾ ಹಚ್ಚೂದು ಆಮ್ಯಾಲ. ಮೊದಲ ಅಲ್ಲಿ ಯಾರು ನಡೀತಾರ, ಯಾರು ನಿಂದರ್ತಾರ, ಅದನ್ನ ನೋಡಿ ಬರ್ರಿ.”

ನನಗೆ ಒಂದೇ ಕಟ್ಟಪ್ಪಣೆ. ಕೆಲಸ ಹುಡುಗನ ಸ್ವಂತದ್ದು ಎಂದು ಹಾಳೆಯ ಮೂಲೆಯಲ್ಲಿ ನಾನು ಸಹಿ ಹಾಕಬೇಕು. ಸಹಿ ಇಲ್ಲದ್ದು ಅವರ ಮುಂದೆ ಬರಕೂಡದು.

ಹನ್ನೊಂದು ಹಾಳೆ ಬಂದವು. ಹತ್ತರಲ್ಲಿ ಹತ್ತೂ ಕಾರಂಜಿ. ದುಂಡನೆಯ ಹುಲ್ಲು, ಅದರ ನಡುವೆ ಕಾರಂಜಿ, ಸುತ್ತ ಕೆಂಪು ಹೂವಿನ ಕುಂಡ. ಕುಡಿಯುವ ನೀರಿಗೇ ಕಾಯುವ ಊರಲ್ಲಿ ನೀರನ್ನು ಗಾಳಿಗೆ ಹಾರಿಸುವ ಹತ್ತು ನಕಾಶೆಗಳು. ನಾನು ಆಗ ನಗಲಿಲ್ಲ — ಗೆರೆಗಳು ಸ್ವಚ್ಛವಾಗಿದ್ದವು, ಅಕ್ಷರ ದುಂಡಗಿದ್ದವು, ನನಗೆ ಅಷ್ಟೇ ಸಾಕಾಗಿತ್ತು.

ಹನ್ನೊಂದನೆಯದು ಫಕೀರಪ್ಪನದು.

ಇಪ್ಪತ್ತರ ಆಸುಪಾಸಿನ ತರುಣ. ತಾಯಿ ಗಂಗವ್ವ ಯಮನೂರಿನ ದರ್ಗಾಕ್ಕೆ ಹರಕೆ ಹೊತ್ತು ಹಡೆದ ಮಗ, ಅದಕ್ಕೇ ಆ ಹೆಸರು. ತಂದೆ ಇರಲಿಲ್ಲ. ತರಗತಿಯಲ್ಲಿ ಅವನ ಕೈ ಅಷ್ಟಕ್ಕಷ್ಟೇ. ಗೆರೆ ನಡುಗುತ್ತಿತ್ತು, ಅಕ್ಷರ ಒಂದು ಮೇಲೆ ಒಂದು ಕೆಳಗೆ. ಕಡೆಯ ಸಾಲಿನಲ್ಲಿ ಕೂತು ಬೇಕಾದಷ್ಟೇ ಮಾತಾಡುವವನು.

ಆ ಹಾಳೆಯಲ್ಲಿ ಕಾರಂಜಿ ಇರಲಿಲ್ಲ. ಕಾಲುದಾರಿಗಳಿದ್ದವು. ಯಾವ ಓಣಿಯಿಂದ ಹೆಣ್ಣುಮಕ್ಕಳು ಹೇಗೆ ಬರುತ್ತಾರೆ, ತುಂಬಿದ ಕೊಡ ಹೊತ್ತು ಹೋಗುವಾಗ ಎಲ್ಲಿ ಇಳಿಸಿ ದಣಿವಾರಿಸಿಕೊಳ್ಳುತ್ತಾರೆ — ಅಲ್ಲಲ್ಲಿ ಒಂದೊಂದು ಬೇವಿನ ಗಿಡ, ಕೊಡ ಇಡಲು ಎದೆಯೆತ್ತರದ ಕಲ್ಲು. ದನದ ದಾರಿ ಬೇರೆ, ದಂಡೆಯ ಕೆಳಗೆ ಅವಕ್ಕೆ ನೀರು ಕುಡಿಯಲು ಕಲ್ಲಿನ ದೋಣಿ. ದಂಡೆಯ ಮೇಲೆ ದೊಡ್ಡ ಗಿಡ ಬೇಡ, ಬೇರು ದಂಡೆಯನ್ನು ಸೀಳುತ್ತದೆ ಎಂದು ಬದಿಗೆ ಬರೆದಿದ್ದ. ಬೇಸಿಗೆಯಲ್ಲಿ ಎರೆ ಮಣ್ಣು ಬಾಯಿ ಬಿಡುವ ಜಾಗಗಳಿಗೂ ಗುರುತು. ಆಮೇಲೆ, ಎಲ್ಲಕ್ಕೂ ಮಿಗಿಲಾಗಿ, ಕೆರೆಯ ನೀರನ್ನು ಕೊಳವೆಯಲ್ಲಿ ದಂಡೆಯ ಹೊರಗೆ ತಂದು ಒಂದೇ ಕಟ್ಟೆಗೆ ಸಾಲಾಗಿ ಎಂಟು ನಳ. ಯಾರೂ ಕೆರೆಗೆ ಇಳಿಯಬೇಕಾಗಿಲ್ಲ. ಯಾರೂ ಯಾರಿಗೂ ಸುರಿಯಬೇಕಾಗಿಲ್ಲ. ಯಾವ ನಳ ಯಾರದು ಎಂದು ಎಲ್ಲೂ ಬರೆದಿರಲಿಲ್ಲ.

ಮಾಸ್ತರನಾದವನ ಬಾಳಿನಲ್ಲಿ ಅಂಥ ಹಾಳೆ ಎಷ್ಟು ಸಲ ಕೈಗೆ ಬರುತ್ತದೆ? ನನಗೆ ಸಂತೋಷವಾಗಬೇಕಿತ್ತು. ಮೊದಲು ಬಂದದ್ದು ಅನುಮಾನ.

ಇವನಿಗೆ ಇದು ಹೇಗೆ ಹೊಳೆಯಿತು? ಯಾರು ಹೇಳಿಕೊಟ್ಟರು? ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ — ಕೆಳಗೆ ಇನ್ನೊಂದು ಹಾಳೆ ಇಟ್ಟು ಒತ್ತಿ ತೆಗೆದ ಗುರುತು ಇದೆಯೋ ಎಂದು. ಅಳಿಸಿದ ಕಡೆ ಉಗುರಿನಿಂದ ಸವರಿ ನೋಡಿದೆ. ಹಿಂದೆ ತಿರುಗಿಸಿದೆ, ಮುಂದೆ ತಿರುಗಿಸಿದೆ. ಬಾಗಿಲಲ್ಲಿ ಗುರುಸಿದ್ದಪ್ಪ ನಿಂತದ್ದೂ ತಿಳಿಯಲಿಲ್ಲ. “ಏನ್ರಿ ಮಾಸ್ತರ, ಬ್ಯಾಳಿ ಹೂರಣ ಹಳಸೇತೇನಂತ ನೋಡಿಧಂಗ ನೋಡಾಕತ್ತೀರಿ?” ಎಂದು ನಕ್ಕ. ನಾನು ನಗಲಿಲ್ಲ. ಅಷ್ಟರಲ್ಲಿ ಹಾಳೆಯ ಬಲ ಮೂಲೆ ನನ್ನ ಕಣ್ಣಿಗೆ ಬಿದ್ದಿತ್ತು.

ಅಲ್ಲಿ ಮೂಡಣ ದಂಡೆಯ ಪಾವಟಿಗೆಗಳನ್ನು ಬದಿಯಿಂದ ಸೀಳಿ ತೋರಿಸಿದ್ದ. ಒಂದೊಂದಕ್ಕೂ ಅಂಕಿ. ಹದಿನೇಳು. ಹದಿನೇಳರ ಕೆಳಗೆ ನೀರಿನ ಗೆರೆ, ಅದರ ಕೆಳಗೆ ತುಂಡುತುಂಡು ಗೆರೆ ಎಳೆದು ಸೊಟ್ಟ ಅಕ್ಷರದಲ್ಲಿ ‘ಮುಂದಿನದು ಕಂಡಿಲ್ಲ’ ಎಂದು ಬರೆದಿದ್ದ.

ಸಿಕ್ಕಿದ, ಎಂದುಕೊಂಡೆ. ಅವರ ಓಣಿಯವರು ಕಾಲಿಡದ ಪಾವಟಿಗೆ ಇವನಿಗೆ ಹೇಗೆ ಗೊತ್ತು? ಎರಡೂ ಬದಿ ಗೋಡೆ; ಹೊರಗೆ ನಿಂತವನಿಗೆ ಒಂದೂ ಕಾಣುವುದಿಲ್ಲ. ನಾನೇ ಹುಟ್ಟಿದಾಗಿನಿಂದ ಇಳಿದು ಹತ್ತಿದವನು, ಎಷ್ಟು ಎಂದು ನನಗೇ ಗೊತ್ತಿರಲಿಲ್ಲ. ಕೆರೆಯ ಒಂದು ಹಳೆಯ ನಕಾಶೆ ಊರಲ್ಲಿ ಇದ್ದದ್ದು ಕೆರೆ-ರಸ್ತೆಗಳ ಕೆಲಸ ನೋಡುವ ಓವರ್ಸಿಯರ್ ಕಚೇರಿಯ ಕಪಾಟಿನಲ್ಲಿ. ಆ ಕಚೇರಿಯನ್ನು ದಿನಾ ಮುಂಜಾನೆ ಗುಡಿಸುವವಳು ಯಾರು? ಗಂಗವ್ವ. ಕಚೇರಿಯ ಕೀಲಿಕೈ ಆಕೆಯ ಸೊಂಟದಲ್ಲೇ ಇರುತ್ತಿತ್ತು.

ಎಷ್ಟು ಸಲೀಸಾಗಿ ಕೂಡಿಬಂತು ನೋಡಿ. ಅನುಮಾನದ ಗುಣವೇ ಅದು — ಒಂದು ಎಳೆ ಸಿಕ್ಕರೆ ಉಳಿದದ್ದನ್ನು ತಾನೇ ನೇಯ್ದುಕೊಳ್ಳುತ್ತದೆ. ‘ಕಂಡಿಲ್ಲ’ ಎಂಬ ಮಾತನ್ನೂ ನಾನು ಬಿಡಲಿಲ್ಲ. ಕದ್ದದ್ದು ತಿಳಿಯಬಾರದೆಂದು ಬೇಕೆಂತಲೇ ಹೀಗೆ ಬರೆದಿದ್ದಾನೆ, ಎಂಥ ಜಾಣ ಎಂದುಕೊಂಡೆ.

ಅವನನ್ನು ಕರೆಸಿದೆ. ಹಾಳೆಯ ಮೂಲೆಗೆ ಬೆರಳಿಟ್ಟು, “ಇವು ಎಷ್ಟ ಅದಾವಂತ ನಿನಗ ಹೆಂಗ ಗೊತ್ತಾತಲೇ?” ಎಂದೆ.

“ಎಣಿಸೇನ್ರಿ ಸರ.”

“ಎಲ್ಲಿ ನಿಂತು?”

“ನಮ್ಮವರು ಕುಂದರ್ತಾರಲ್ರಿ, ಬಡಗಣ ದಂಡಿ ಮ್ಯಾಲ. ಅಲ್ಲಿ ಕುಂತು.”

“ಅಲ್ಲಿಂದ ಪಾವಟಿಗಿ ಕಾಣಸ್ತಾವೇನು?”

“ಪಾವಟಿಗಿ ಕಾಣಸೂದಿಲ್ರಿ. ಕೊಡ ಕಾಣಸ್ತಾವ್ರಿ.”

ನನ್ನ ಚೇಷ್ಟೆ ಮಾಡುತ್ತಿದ್ದಾನೆ ಅನಿಸಿತು. ಹಾಗೆಂದರೇನು ಎಂದು ಇನ್ನೊಂದು ಮಾತು ಕೇಳಿದ್ದರೆ — ಒಂದೇ ಒಂದು ಮಾತು. ಕೇಳಲಿಲ್ಲ. ಹೋಗು ಎಂದೆ. ಹೋದ.

ಅದೇ ಸಂಜೆ ಹೆಡ್ ಮಾಸ್ತರರಿಗೆ ಹೇಳಿದೆ. ಮೆಲ್ಲಗೆ ಹೇಳಿದೆ, ಬಹಳ ವ್ಯಸನವಾದವನ ಹಾಗೆ ಹೇಳಿದೆ — ಅನುಮಾನವನ್ನು ಮರುಕದ ಬಟ್ಟೆಯಲ್ಲಿ ಸುತ್ತಿ ಕೊಡುವ ಕಲೆಯೂ ನನಗೆ ಬರುತ್ತಿತ್ತು. ಹೆಡ್ ಮಾಸ್ತರರು ಓವರ್ಸಿಯರರಿಗೆ ಹೇಳಿದರು. ಓವರ್ಸಿಯರರು ಮರುದಿನ ಗಂಗವ್ವನ ಸೊಂಟದಿಂದ ಕೀಲಿಕೈ ಇಸಿದುಕೊಂಡು, ಇನ್ನು ಮೇಲೆ ಅಂಗಳ ಗುಡಿಸಿದರೆ ಸಾಕು, ಒಳಗೆ ಬರಬೇಡ ಎಂದರು. ಮೂರನೆಯ ದಿನಕ್ಕೆ ಊರಿಗೇ ಗೊತ್ತಾಗಿತ್ತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಕಣ್ಣಲ್ಲೇ ನೋಡಿದರು. ಗಂಗವ್ವ ಯಾವ ಅಂಗಡಿಯ ಮುಂದೆ ನಿಂತರೂ ಅಂಗಡಿಯವನ ಕಣ್ಣು ಆಕೆಯ ಕೈಯ ಮೇಲೆ.

ಆಕೆ ನಮ್ಮ ಮನೆಗೆ ಬಂದಳು. ಕಟ್ಟೆಯ ಕೆಳಗೆ, ಬಿಸಿಲಿನಲ್ಲಿ ನಿಂತಳು. ಅಳಲಿಲ್ಲ. ಸೆರಗು ತಲೆಗೆ ಸರಿಮಾಡಿಕೊಂಡು ಕೇಳಿದಳು:

“ಯಪ್ಪಾ, ನನಗ ಓದಾಕ ಬರೂದಿಲ್ಲ. ಆ ಕಪಾಟಿನ್ಯಾಗ ಇಷ್ಟ ಕಾಗದ ಅದಾವ. ಯಾವುದು ಕೆರಿದು, ಯಾವುದು ರಸ್ತಾದ್ದು ಅಂತ ನಾ ಹೆಂಗ ಆರಿಸಿ ತರ್ಲಿ?”

ಏನೋ ಅಂದೆ — ವಿಚಾರ ಮಾಡೋಣ, ಹೋಗು ಎಂದೋ ಏನೋ. ಆಕೆ ಹೋದ ಮೇಲೆ ಆ ಮಾತು ಮುಳ್ಳಿನ ಹಾಗೆ ಕೂತಿತು. ನಿಜ, ಹೇಗೆ ಆರಿಸಿ ತಂದಾಳು? ಆದರೆ ನನ್ನ ಅನುಮಾನ ಸುಮ್ಮನಿರುವ ಜಾತಿಯದಲ್ಲ. ಮಗನೇ ಒಳಗೆ ಹೋಗಿರಬಹುದಲ್ಲ ಎಂದಿತು. ಸರಿ, ಎರಡೂ ನಕಾಶೆ ಪಕ್ಕಪಕ್ಕ ಇಟ್ಟು ನೋಡಿಬಿಡುತ್ತೇನೆ, ಒಮ್ಮೆ ಮುಗಿದು ಹೋಗಲಿ ಎಂದು ಓವರ್ಸಿಯರ್ ಕಚೇರಿಗೆ ಹೋದೆ. ನ್ಯಾಯ ಮಾಡಲು ಹೋಗಲಿಲ್ಲ. ನಾನು ಹೇಳಿದ್ದೇ ಖರೆ ಎಂದು ಸಾಧಿಸಲು ಹೋದೆ.

ಧೂಳು ಹಿಡಿದ ಸುರುಳಿ ಬಿಚ್ಚಿದರು. ಮೂಡಣ ದಂಡೆ, ಬದಿಯ ಗೋಡೆ, ಪಾವಟಿಗೆ. ಬೆರಳಿಟ್ಟು ಎಣಿಸಿದೆ. ಇಪ್ಪತ್ತೆರಡು. ಮತ್ತೆ ಎಣಿಸಿದೆ. ಇಪ್ಪತ್ತೆರಡೇ.

ಅಲ್ಲಿಂದ ನೇರ ಕೆರೆಗೆ ನಡೆದೆ. ಚಪ್ಪಲಿ ಬಿಟ್ಟು ಇಳಿದೆ, ಒಂದೊಂದೇ ಎಣಿಸುತ್ತ. ನೀರು ಮುಟ್ಟುವ ಹೊತ್ತಿಗೆ ಹದಿನೆಂಟು. ನೀರಿಗೆ ಕಾಲಿಡುವಂತಿಲ್ಲ, ಬಗ್ಗಿ ಛತ್ರಿಯ ತುದಿಯಿಂದ ತಡವಿದೆ. ಹತ್ತೊಂಬತ್ತನೆಯದು ಟಕ್ಕೆಂದು ತಾಗಿತು. ಅದರ ಕೆಳಗೆ ಇಪ್ಪತ್ತನೆಯದು. ಕೊಡ ತುಂಬಲು ಬಂದ ಒಬ್ಬ ಮುದುಕಿ, “ಏನ ಮಾಸ್ತರ, ಛತ್ರೀಲೆ ಮೀನ ಹಿಡ್ಯಾಕ ಬಂದೀರೇನು?” ಎಂದು ನಕ್ಕಳು. ನಾನೂ ನಕ್ಕೆ ಎಂದು ತೋರುತ್ತದೆ.

ಫಕೀರಪ್ಪ ಹಾಳೆ ಕೊಟ್ಟು ಆಗಲೇ ಇಪ್ಪತ್ತು ದಿನಗಳಾಗಿದ್ದವು. ಇಪ್ಪತ್ತು ದಿನದಲ್ಲಿ ಕೆರೆ ಒಂದು ಪಾವಟಿಗೆ ಇಳಿದಿತ್ತು. ಅವನು ಎಣಿಸಿದ ದಿನ ನೀರಿನ ಮೇಲೆ ಇದ್ದದ್ದು ಹದಿನೇಳು. ಹಳೆಯ ನಕಾಶೆ ನೋಡಿ ತೆಗೆದವನು ಇಪ್ಪತ್ತೆರಡು ಬರೆಯುತ್ತಿದ್ದ. ಕದ್ದವನು ‘ಮುಂದಿನದು ಕಂಡಿಲ್ಲ’ ಎಂದು ಬರೆಯುತ್ತಿರಲಿಲ್ಲ — ಅವನಿಗೆ ಕಂಡಿರುತ್ತಿತ್ತು.

ಆದರೂ ಒಂದು ಉಳಿದಿತ್ತು. ಅದಕ್ಕೂ ಹೋದೆ. ಬಡಗಣ ದಂಡೆಯ ತುದಿಗೆ ಹೋಗಿ, ಆ ಓಣಿಯ ಹೆಣ್ಣುಮಕ್ಕಳು ಕೂರುವ ಜಾಗದಲ್ಲಿ ಕುಳಿತೆ. ಹುಟ್ಟಿದಾಗಿನಿಂದ ಆ ಕೆರೆಯ ನೀರು ಕುಡಿದವನು, ಅಲ್ಲಿ ಕುಳಿತದ್ದು ಅದೇ ಮೊದಲು. ನಿಜ, ಅಲ್ಲಿಂದ ಪಾವಟಿಗೆ ಕಾಣುವುದಿಲ್ಲ. ಕಲ್ಲಿನ ಗೋಡೆ ಕಾಣುತ್ತದೆ. ಆ ಮುದುಕಿ ಕೊಡ ತುಂಬಿಕೊಂಡು ಏರತೊಡಗಿದಳು. ಮುದುಕಿಯೂ ಕಾಣಲಿಲ್ಲ, ಪಾವಟಿಗೆಯ ಜೊತೆಗೇ ಇಳಿಜಾರಾದ ಗೋಡೆಯ ಮೇಲೆ ತಲೆಯ ಮೇಲಿನ ಕೊಡ ಮಾತ್ರ ಕಂಡಿತು. ಕೊಡ ಒಂದು ಗೇಣು ಮೇಲೆ ಬರುವುದು, ನಿಲ್ಲುವುದು. ಮತ್ತೊಂದು ಗೇಣು, ನಿಲ್ಲುವುದು. ನಾನು ಎಣಿಸಿದೆ. ಹದಿನೆಂಟು ಸಲ.

ಸಣ್ಣಂದಿನಿಂದ ಅವ್ವನ ಮಗ್ಗುಲಲ್ಲಿ ಕುಳಿತು, ಯಾರು ಸುರಿದಾರು ಎಂದು ಕಾಯುತ್ತ, ಏರಿ ಬರುವ ಕೊಡಗಳನ್ನೇ ನೋಡಿದ ಕಣ್ಣು ಅದು. ಸಾಹೇಬರು ಹೇಳಿದ್ದನ್ನು ಅಕ್ಷರಶಃ ಮಾಡಿದವನು ಹನ್ನೊಂದು ಜನರಲ್ಲಿ ಅವನೊಬ್ಬನೇ. ನಾನು ಹದಿನೈದು ವರ್ಷ ಮಾಸ್ತರಿಕೆ ಮಾಡಿದವನು — ಕೆರೆಯನ್ನು ಹಾಗೆ ಒಂದು ದಿನವೂ ನೋಡಿರಲಿಲ್ಲ.

ಇಷ್ಟು ತಿಳಿದದ್ದು ಒಂದು ಮಂಗಳವಾರ. ಸಾಹೇಬರು ಬರುವುದು ಗುರುವಾರ. ನಡುವೆ ಪೂರ್ತಿ ಒಂದು ದಿನ ಇತ್ತು. ಹೆಡ್ ಮಾಸ್ತರರ ಮನೆ ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆ. ಹೋಗಿ, ನಾ ತಪ್ಪಿದೆ ಎನ್ನಲು ಎಷ್ಟು ಹೊತ್ತು ಬೇಕು?

ಹೋಗಲಿಲ್ಲ. ಬುಧವಾರ ಬೆಳಗಿನಿಂದ ಸಂಜೆಯ ತನಕ ನನ್ನೊಳಗೆ ನಡೆದದ್ದನ್ನು ಬರೆಯುತ್ತೇನೆ, ಇದು ಸಮರ್ಥನೆಯಲ್ಲ. ಊರೆಲ್ಲ ಹರಡಿದ ಮಾತನ್ನು ಈಗ ನಾನು ನುಂಗಿಕೊಂಡರೆ ನನ್ನನ್ನು ಹುಚ್ಚ ಎನ್ನುತ್ತಾರೆ ಎಂಬ ಭಯ. ಆ ಎಂಟು ನಳಗಳ ಸಾಲು ಹಿರಿಯರ ಕಣ್ಣಿಗೆ ಬಿದ್ದರೆ ಶಾಲೆಗೇ ಪೆಟ್ಟು ಎಂಬ ಲೆಕ್ಕಾಚಾರ. ಇವೆರಡರ ಅಡಿಯಲ್ಲಿ ಇನ್ನೊಂದು ಇತ್ತು, ಅದನ್ನು ಬರೆಯಲು ಕೈ ತಡೆಯುತ್ತದೆ — ಆ ಹಾಳೆ ಗೆಲ್ಲುವುದು ನನಗೆ ಬೇಡವಾಗಿತ್ತು. ನಮ್ಮ ಮನೆಯಲ್ಲಿ ದಿನಾ ಸಂಜೆ ಪೂಜೆಯಾದ ಮೇಲೆ ಅಜ್ಜ ಎಲ್ಲರೂ ಒಂದೇ ಎಂದು ಹಾಡುತ್ತಿದ್ದ. ನಾನೂ ದನಿಗೂಡಿಸುತ್ತಿದ್ದೆ. ರಾಗ ಚೆನ್ನಾಗಿ ಬರುತ್ತಿತ್ತು.

ಗುರುವಾರ ಸಾಹೇಬರು ಬಂದರು. ಹತ್ತು ಹಾಳೆ ಮೇಜಿನ ಮೇಲೆ ಹರಡಿದ್ದೆ, ಹತ್ತಕ್ಕೂ ನನ್ನ ಸಹಿ. ಹನ್ನೊಂದನೆಯದು ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ. ಹುಡುಗರು ಗೋಡೆಗೆ ಸಾಲಾಗಿ ನಿಂತಿದ್ದರು. ಫಕೀರಪ್ಪ ಕಿಟಕಿಯ ಹತ್ತಿರ, ನನ್ನಿಂದ ಆರು ಹೆಜ್ಜೆ. ಸಾಹೇಬರು ಒಂದೊಂದೇ ನೋಡಿದರು. ಕಾರಂಜಿ, ಕಾರಂಜಿ, ಕಾರಂಜಿ. ಕಡೆಯ ಹಾಳೆಯನ್ನೂ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

“ಇದರಾಗ ಕೆರಿ ಎಲ್ಲದ್ರಿ ಮಾಸ್ತರ?” ಎಂದರು. ಸಿಟ್ಟಿನಿಂದಲ್ಲ, ಬೇಸರದಿಂದ. ಆಮೇಲೆ ನನ್ನ ಮುಖ ನೋಡಿ ಕೇಳಿದರು: “ಮತ್ತ್ಯಾರದೂ ಇಲ್ಲೇನು?”

ಕಪಾಟಿನ ಕೀಲಿಕೈ ನನ್ನ ಅಂಗಿಯ ಕಿಸೆಯಲ್ಲಿತ್ತು. ಅದರ ಭಾರ ಎದೆಗೆ ತಿಳಿಯುತ್ತಿತ್ತು.

“ಇಲ್ರಿ” ಎಂದೆ.

ಅಷ್ಟೇ. ಎರಡೂವರೆ ಅಕ್ಷರ. ನನ್ನ ಜೀವಮಾನದಲ್ಲಿ ನಾನು ಹೇಳಿದ ಕಥೆಗಳಲ್ಲೆಲ್ಲ ಅತಿ ಚಿಕ್ಕದು ಅದು.

ಆ ವರ್ಷ ಯಾರನ್ನೂ ಆರಿಸಲಿಲ್ಲ. ಒಬ್ಬನಿಗೆ ಅನ್ಯಾಯ ಮಾಡಿ ಇನ್ನೊಬ್ಬನಿಗೆ ಕೊಡಿಸಿದ್ದರೆ ಅದಕ್ಕೊಂದು ಅರ್ಥವಾದರೂ ಇರುತ್ತಿತ್ತೋ ಏನೋ. ನಾನು ಯಾರಿಗೂ ಕೊಡಿಸಲಿಲ್ಲ. ಸಾಹೇಬರು ಮತ್ತೆ ನಮ್ಮೂರಿಗೆ ಬರಲಿಲ್ಲ. ಕೆಲವು ವರ್ಷಗಳಲ್ಲಿ ತೀರಿಕೊಂಡರೆಂದು ಕೇಳಿದೆ.

ಫಕೀರಪ್ಪ ಏನೂ ಕೇಳಲಿಲ್ಲ. ಹಾಳೆ ತಿರುಗಿ ಕೊಡಿ ಎನ್ನಲಿಲ್ಲ, ನನ್ನದನ್ನು ಯಾಕೆ ತೋರಿಸಲಿಲ್ಲ ಎನ್ನಲಿಲ್ಲ. ಎಂದಿನ ಹಾಗೆ ಕಡೆಯ ಸಾಲಿನಲ್ಲಿ ಕೂತು ಎರಡನೆಯ ವರ್ಷವನ್ನೂ ಮುಗಿಸಿದ. ಆ ಸುಮ್ಮನಿರುವಿಕೆ ನನ್ನನ್ನು ತಿಂದಿತು. ನಾನು ಛತ್ರಿ ಹಿಡಿದು ಪಾವಟಿಗೆ ತಡವಿದ್ದು ಇವನಿಗೆ ಯಾರಾದರೂ ಹೇಳಿರಬಹುದೇ? ಬಡಗಣ ದಂಡೆಯ ಮೇಲೆ ನಾನು ಕುಳಿತದ್ದನ್ನು ಅವರ ಓಣಿಯವರು ಯಾರಾದರೂ ಕಂಡಿರಬಹುದೇ? ಅವನು ‘ನಮಸ್ಕಾರ್ರಿ ಸರ’ ಎಂದರೆ ಅದರೊಳಗೆ ಇನ್ನೇನೋ ಇದೆಯೇ ಎಂದು ಕಿವಿಗೊಡುತ್ತಿದ್ದೆ. ಕದಿಯದವರನ್ನು ಕಳ್ಳರನ್ನಾಗಿ ಮಾಡಿದ ಅನುಮಾನ ಈಗ ನನ್ನ ಮನೆಯಲ್ಲೇ ವಾಸಕ್ಕೆ ಬಂದಿತ್ತು.

ಐದಾರು ವರ್ಷದ ಮೇಲೆ ಅಣ್ಣಿಗೇರಿ ಸ್ಟೇಶನ್ನಿನಲ್ಲಿ ಹುಬ್ಬಳ್ಳಿಯ ಗಾಡಿಗೆ ಕಾಯುತ್ತ ಕೂತಿದ್ದೆ. ಬಾಜೂ ಬಂದು ನಿಂತವನು ಅವನು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಊಟದ ಡಬ್ಬಿ. ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಟ್ರೇಸರ್ ಕೆಲಸ ಸಿಕ್ಕಿದೆ ಎಂದು ಮೊದಲೇ ಕೇಳಿದ್ದೆ. ಆದರೂ ಮಾತಿಗೆ ಮಾತು ಬೇಕಲ್ಲ, ಏನು ಮಾಡಾಕತ್ತೀಯಪಾ ಎಂದೆ.

“ನಕಲ ಮಾಡತೇನ್ರಿ ಸರ. ಸಾಹೇಬ್ರು ತಗದ ನಕಾಶಿ ಮ್ಯಾಲ ಕಾಗದಾ ಇಟ್ಟು ಇದ್ದದ್ದನ್ನ ಇದ್ದಂಗ ತಗ್ಯೂದು.”

ಅವನ ಮುಖ ಸಪಾಟಾಗಿತ್ತು. ಚುಚ್ಚಿದನೋ, ಇದ್ದದ್ದನ್ನು ಇದ್ದ ಹಾಗೆ ಹೇಳಿದನೋ — ಇಂದಿಗೂ ನನಗೆ ತಿಳಿದಿಲ್ಲ. ಮೂವತ್ತು ವರ್ಷ ಅವನು ಅದನ್ನೇ ಮಾಡಿದ.

ನಾನು ನಿವೃತ್ತನಾಗುವಾಗ ಕಪಾಟು ಬರಿದು ಮಾಡಿ ಆ ಹಾಳೆಯನ್ನು ಮನೆಗೆ ತಂದುಕೊಂಡೆ. ಟ್ರಂಕಿನ ತಳದಲ್ಲಿ, ಹಳೆಯ ಧೋತರದ ಕೆಳಗೆ ಇಟ್ಟೆ. ಹರಿದು ಹಾಕುವ ಧೈರ್ಯವೂ ಇರಲಿಲ್ಲ, ಕೊಡುವ ಧೈರ್ಯವೂ ಇರಲಿಲ್ಲ. ಹೋದ ತಿಂಗಳು, ಇನ್ನು ತಡ ಮಾಡಿದರೆ ಕಾಲು ನಡೆಯಲಾರವು ಎನಿಸಿ, ಹುಬ್ಬಳ್ಳಿಯಲ್ಲಿ ಅವನ ಮನೆ ಹುಡುಕಿಕೊಂಡು ಹೋದೆ.

ಅವನಿಗೂ ತಲೆ ಬೆಳ್ಳಗಾಗಿದೆ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಚಹಾ ಕೊಡಿಸಿದ. ನಾನು ಹಾಳೆಯನ್ನು ನೆಲದ ಮೇಲೆ ಬಿಚ್ಚಿದೆ. ಅವನು ಮಂಡಿಯೂರಿ, ಸುರುಳಿಗೊಳ್ಳುವ ತುದಿಗಳನ್ನು ಅಂಗೈಯಿಂದ ಒತ್ತಿ ಹಿಡಿದು ಬಹಳ ಹೊತ್ತು ನೋಡಿದ. “ಅಕ್ಷರ ಭಾಳ ಹೊಲಸ ಅದಾವಲ್ರಿ” ಎಂದ. ಆಮೇಲೆ, ಈ ಬೇವು ದಂಡೆಗೆ ಹತ್ತಿರವಾಯಿತು, ಈಗಾದರೆ ಇನ್ನೂ ಹತ್ತು ಅಡಿ ದೂರ ಹಾಕುತ್ತಿದ್ದೆ ಎಂದ. ಬೇರೆ ಯಾರದೋ ಕೆಲಸ ನೋಡಿದ ಹಾಗೆ.

ನಾನು ಎಲ್ಲ ಹೇಳಿದೆ. ಛತ್ರಿ, ಹದಿನೆಂಟು, ಏರಿ ಬಂದ ಕೊಡ, ಕಿಸೆಯ ಕೀಲಿಕೈ, ‘ಇಲ್ರಿ’ ಎಂದದ್ದು. ಯಾವುದನ್ನೂ ತಿದ್ದಿ ಹೇಳಲಿಲ್ಲ. ಅವನು ಹಾಳೆಯ ಮೇಲಿನಿಂದ ಕೈ ತೆಗೆಯದೆ ಕೇಳಿಸಿಕೊಂಡ. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಕೇಳಿದ್ದು ಬೇರೆ.

“ನಿಮಗ ಆವಾಗನ ಗೊತ್ತಾಗಿತ್ತೇನ್ರಿ?”

ಹೌದು ಎಂದೆ.

“ಅವ್ವ ಹೋಗಿ ಹನ್ನೆರಡ ವರ್ಷ ಆತ್ರಿ. ಸಾಯೂತನಾ ನನ್ನ ಕೇಳ್ತಿದ್ಲು. ಜ್ವರಾ ಬಂದು ಮಲಗಿದಾಗೂ ಕೇಳಿದ್ಲು. ಖರೇ ಹೇಳಪಾ ಫಕೀರ, ನಾ ಮಲಗಿದ್ದಾಗ ನನ್ನ ಸೊಂಟದಾಗಿಂದು ಕೀಲಿ ತಗೊಂಡು ನೀ ಒಳಗ ಹೋಗಿದ್ದೇನು, ನಾ ಯಾರಿಗೂ ಹೇಳೂದಿಲ್ಲ, ಅಂತ.”

ನಾನು ಚಹಾದ ಕಪ್ಪನ್ನು ನೆಲಕ್ಕಿಟ್ಟೆ.

“ಇಲ್ಲಬೇ ಅಂದ್ರ ಸುಮ್ನಾಕ್ಕಿದ್ಲು. ಮತ್ತ ಕೇಳ್ತಿದ್ಲು” ಎಂದ.

ಹಾಳೆಯನ್ನು ಸುತ್ತಿ, ದಾರ ಕಟ್ಟಿ, ನನ್ನ ಕೈಗೇ ತಿರುಗಿ ಕೊಟ್ಟ. ಇದು ನಿನ್ನದು, ಇಟ್ಟುಕೋ ಎಂದೆ. “ನಂದಂತ ನನಗ ಗೊತ್ತದರಿ ಸರ. ಗೊತ್ತಿಲ್ದವರಿಗೆ ತೋರಸ್ರಿ” ಎಂದ. ಬಾಗಿಲ ತನಕ ಬಂದು ಕಳಿಸಿಕೊಟ್ಟ. ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸು ಎಂದು ನಾನೂ ಕೇಳಲಿಲ್ಲ — ಆ ಮಾತಿಗೆ ನನ್ನ ಬಾಯಿ ತಕ್ಕುದಲ್ಲ.

ಗಂಗವ್ವ ಮಗನನ್ನು ಯಾಕೆ ಅಷ್ಟು ವರ್ಷ ಕೇಳಿದಳು ಎಂದು ಯೋಚಿಸುತ್ತಿದ್ದೇನೆ. ಆ ಕಾಗದವನ್ನು ತಾನು ಮುಟ್ಟಿಲ್ಲ ಎಂದು ಆಕೆಗೆ ಗೊತ್ತಿತ್ತು. ಇನ್ನು ಉಳಿದವರು ಇಬ್ಬರು. ಮಾಸ್ತರ ದೊಡ್ಡವರು, ಓದಿದವರು, ಅವರು ಸುಳ್ಳು ಹೇಳಲಿಕ್ಕಿಲ್ಲ — ಆಕೆ ನನ್ನನ್ನು ನಂಬಿದಳು. ನನ್ನನ್ನು ನಂಬಿದ ಮೇಲೆ ಆಕೆಗೆ ಮಗನೊಬ್ಬನೇ ಉಳಿದ.

ಇದನ್ನು ಬರೆದು ಮುಗಿಸಿ ಊರಿಗೆ ಹೊರಡುತ್ತೇನೆ. ಹಾಳೆ ಜೊತೆಗಿದೆ. ಮೊದಲು ಗಂಗವ್ವನ ಓಣಿಯಲ್ಲಿ ಬಿಚ್ಚಿ ಹೇಳುತ್ತೇನೆ, ಶಾಲೆಗೆ ಆಮೇಲೆ ಹೋಗುತ್ತೇನೆ. ಆ ಓಣಿಯಲ್ಲಿ ಆಕೆಯನ್ನು ಕಂಡವರು ಇನ್ನೂ ಯಾರಾದರೂ ಇರಬಹುದು.